ಅಂಗಿ ನೋಡುವ ಕಾವಲುಗಾರ

ವೈದ್ಯರು ಹಲ್ಲು ಕಿತ್ತು ಸಾಧುಮಾಡಿದ ಒಂದು ವೈರಾಣು, ಶಾಂಭವಿ ಎಂಬ ಹುಡುಗಿಯ ಶ್ವಾಸಕೋಶಕ್ಕೆ ಜೀನ್ ಎಂಬ ವಂಶವಾಹಿಯ ಗಂಟು ಹೊತ್ತು ಬಂತು. ಹುಟ್ಟಿನಿಂದಲೇ ಅಂಟಂಟಾಗಿದ್ದ ಅವಳ ಕಫವನ್ನು ತೆಳುವಾಗಿಸುವ ವಿದ್ಯೆ ಆ ಗಂಟಿನಲ್ಲಿತ್ತು. ಅಲ್ಲಿನ ಜೀವಕೋಶಗಳು ಅದನ್ನು ಕಲಿತವು, ಹುಡುಗಿ ಎದೆತುಂಬ ಉಸಿರೆಳೆದಳು. ಆದರೆ ಜೀವಕೋಶಗಳ ಆಯಸ್ಸೆಷ್ಟು? ಕೆಲವೇ ತಿಂಗಳಲ್ಲಿ ಕಲಿತವೆಲ್ಲ ಉದುರಿ, ಏನೂ ಅರಿಯದ ಹೊಸವು ಹುಟ್ಟಿದವು. ಕಫ ಮತ್ತೆ ಗಟ್ಟಿಯಾಯಿತು.

ವೈರಾಣು ಎರಡನೇ ಗಂಟು ಹೊತ್ತು ಓಡಿಬಂತು. ಬಾಗಿಲಲ್ಲಿ ಪ್ರತಿಕಾಯ ಎಂಬ ಕಾವಲುಗಾರ ಅಡ್ಡ ನಿಂತ.

"ನಿಲ್ಲು! ಹಿಂದೊಮ್ಮೆ ನನ್ನ ಕಣ್ತಪ್ಪಿಸಿ ನುಗ್ಗಿದವನು ನೀನು. ಅಂದೇ ಈ ಅಂಗಿಯ ಗುರುತು ಇಟ್ಟುಕೊಂಡೆ."

"ನುಗ್ಗಿ ಏನು ಕೇಡು ಮಾಡಿದೆ? ಗಂಟು ಬಿಚ್ಚಿ ನೋಡು. ಹುಡುಗಿ ಏದುಸಿರು ಬಿಡುತ್ತಿದ್ದಾಳೆ."

"ಗಂಟು ನೋಡುವ ಪದ್ಧತಿ ನಮ್ಮ ವಂಶದಲ್ಲೇ ಇಲ್ಲ. ನಾವು ಅಂಗಿ ನೋಡಿಯೇ ಕಳ್ಳನನ್ನು ಹಿಡಿಯುವವರು."

ವೈರಾಣುವಿಗೆ ಮೈಯೆಲ್ಲ ಉರಿಯಿತು. ಆದರೂ ಕೋಣನ ಮುಂದೆ ಕಿನ್ನರಿ ಬಾರಿಸುತ್ತ ಕೂರಲಿಲ್ಲ. ಪ್ರಯೋಗಾಲಯಕ್ಕೆ ಮರಳಿ, ಹೊರಕವಚದ ಅಂಗಿ ಬದಲಿಸಿಕೊಂಡು, ಅದೇ ಗಂಟು ಹೊತ್ತು ಅದೇ ಬಾಗಿಲಿಗೆ ಎದೆ ಸೆಟೆಸಿ ಬಂತು.

"ಹೊಸಬರೋ? ದಯಮಾಡಿಸಿ," ಎಂದ ಪ್ರತಿಕಾಯ.

ಎರಡು ವಾರ ಕಳೆಯಿತು. ಬಲೂನು ಊದಲೂ ಆಗದಿದ್ದ ಶಾಂಭವಿ ಅಂದು ಶಂಖ ಊದಿದಳು. ಎದೆಗೂಡೆಲ್ಲ ಮೊಳಗಿತು. ಪ್ರತಿಕಾಯ ಮೀಸೆ ತಿರುವಿ, "ಕೇಳಿದಿರಾ? ಆ ಹಳೇ ಅಂಗಿಯವನನ್ನು ನಾನು ತಡೆದಿದ್ದಕ್ಕೇ ಬಂದ ಉಸಿರು ಇದು!" ಎಂದ.

"ನಿಜ ಸ್ವಾಮಿ," ಎಂದು ಕೈಮುಗಿದ ವೈರಾಣು, ಮೂರನೇ ಅಂಗಿಗೆ ಅಳತೆ ಕೊಡಲು ಹೊರಟಿತು.