ಕೊಣ್ಣಿಹಾಳದ ಪೇಟೆಯಲ್ಲಿ ಅಜ್ಜನವರು ಹಿಡಿದ ಕೈ

ಪೂಜ್ಯ ಶ್ರೀ ನಿಂಬಯ್ಯಜ್ಜನವರಿಗೆ ಮಠವಿರಲಿಲ್ಲ, ಗದ್ದುಗೆಯೂ ಇರಲಿಲ್ಲ. ಕೊಣ್ಣಿಹಾಳದ ಮೆಣಸಿನಕಾಯಿ ಪೇಟೆಯ ಒಂದು ಮೂಲೆಯಲ್ಲಿ ಹರಿದ ಗೋಣಿಚೀಲಗಳನ್ನು ಹೊಲಿಯುವ ತಗಡಿನ ಚಪ್ಪರವಿತ್ತು. ಅಜ್ಜನವರು ತಮ್ಮ ಕಡೆಯ ವರ್ಷಗಳನ್ನು ಅಲ್ಲಿಯೇ ಕಳೆದರು. ಚೀಲ ಹೊಲಿಯುವ ಹೆಂಗಸರ ಸಾಲಿನ ತುದಿಗೆ ಕುಳಿತು, ದಬ್ಬಣಕ್ಕೆ ಸುತಳಿ ಪೋಣಿಸಿಕೊಂಡು, ಹೊತ್ತು ಮುಳುಗುವವರೆಗೂ ಅವರೊಂದಿಗೆ ಹೊಲಿಯುತ್ತಿದ್ದರು. ಆ ಹೆಂಗಸರು ಬುತ್ತಿ ಬಿಚ್ಚಿದಾಗ ಕೊಟ್ಟ ಅರ್ಧ ರೊಟ್ಟಿಯೇ ಅವರ ಪ್ರಸಾದ.

ದರ್ಶನಕ್ಕೆ ಬಂದವರು ಪಾದ ಮುಟ್ಟಲು ಬಗ್ಗಿದರೆ ಅವರು ಬಿಡುತ್ತಿರಲಿಲ್ಲ. ಬಂದವರ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕೂಡುತ್ತಿದ್ದರು. ಆಶೀರ್ವಾದವೆಂದರೆ ಅಷ್ಟೇ. ಮಾತು ಬಹಳ ಕಡಿಮೆ. ಆದರೂ ಎದ್ದು ಹೋಗುವವರ ಮುಖದಲ್ಲಿ, ಹೊತ್ತು ತಂದ ಹೊರೆಯನ್ನು ಯಾರೋ ಇಳಿಸಿಕೊಂಡಂತಹ ಕಳೆ ಕಾಣುತ್ತಿತ್ತು.

ನಾನೀಗ ಬಾಳುತ್ತಿರುವ ಕಡಲ ಕಡೆಯ ಊರಿನಲ್ಲಿ ಒಣಮೆಣಸಿನಕಾಯಿಯೆಂದರೆ ಅಂಗಡಿಯಿಂದ ತರುವ ಒಂದು ಪೊಟ್ಟಣ. ಅಂತಹ ಊರಿನ ಓದುಗರಿಗಾಗಿ ನಮ್ಮ ಕಡೆಯ ಪೇಟೆಯ ರೀತಿಯನ್ನು ಎರಡು ಮಾತಿನಲ್ಲಿ ಹೇಳಬೇಕು. ಸುಗ್ಗಿ ಮುಗಿಯುವ ಹೊತ್ತಿಗೆ ಇಡೀ ಬಯಲು ಕೆಂಪು ಚೀಲಗಳಿಂದ ತುಂಬುತ್ತದೆ. ಘಾಟಿಗೆ ಹೊಸಬರು ಸೀನಿ ಸೀನಿ ಕಣ್ಣೀರು ಸುರಿಸುತ್ತಾರೆ. ರೈತ ತಾನೇ ಮಾರುವುದಿಲ್ಲ. ದಲಾಲಿಯೊಬ್ಬನ ಅಂಗಡಿಯ ಮುಂದೆ ಮಾಲು ಇಳಿಸುತ್ತಾನೆ. ಪರಸ್ಥಳದ ಖರೀದಿದಾರ ಬಂದು ದಲಾಲಿಯ ಕೈ ಹಿಡಿಯುತ್ತಾನೆ. ಇಬ್ಬರ ಕೈಗಳ ಮೇಲೆ ಒಂದು ಟವೆಲು. ಅದರ ಅಡಿಯಲ್ಲಿ ಬೆರಳು ಹಿಡಿದು ದರದ ಚೌಕಾಸಿ. ಮೂರು ಬೆರಳು ಹಿಡಿದರೆ ಕ್ವಿಂಟಲಿಗೆ ಮುನ್ನೂರು, ಇಡೀ ಕೈ ಹಿಡಿದರೆ ಐನೂರು. ಮಾತಿಲ್ಲ, ಮುಖದಲ್ಲಿ ಮಿಸುಕಾಟವಿಲ್ಲ. ಪಕ್ಕದಲ್ಲಿ ನಿಂತ ರೈತ ಇಬ್ಬರ ಹುಬ್ಬುಗಳನ್ನು ನೋಡುತ್ತ ಉಸಿರು ಬಿಗಿಹಿಡಿದಿರುತ್ತಾನೆ.

ಆ ಕಾಲದ ಪೇಟೆಯಲ್ಲಿ ಈರಸಂಗಪ್ಪ ಎಂಬ ದಲಾಲಿ ಹೆಸರಾದವನು. ಟವೆಲಿನಡಿ ಎದುರಿನವನ ಕೈ ಬೆವೆತದ್ದು, ಬಿಗಿದದ್ದು ಎಲ್ಲ ಅವನಿಗೆ ತಿಳಿಯುತ್ತಿತ್ತು. ಸುತ್ತಲಿನ ಹಳ್ಳಿಗಳವರು ಅವನ ಮಾತಿನ ಮೇಲೆ ಮಾಲು ಮಾರುತ್ತಿದ್ದರು, ಅವನ ಮಾತಿನ ಮೇಲೆ ತಡೆಯುತ್ತಿದ್ದರು. ಸಾಧುಸಂತರೆಂದರೆ ಮಾತ್ರ ಅವನಿಗೆ ನಗೆ. “ನಮ್ಮ ಅಜ್ಜಾರಿಗೆ ಹರದ ಚೀಲ ಸಿಕ್ಕರ ಸಾಕು, ಮೋಕ್ಷಾನೂ ಹೊಲದು ಕೊಡ್ತಾರ” ಎಂದು ಅಂಗಡಿಯ ಗಾದಿಯ ಮೇಲೆ ಕುಳಿತು ಹಾಸ್ಯ ಮಾಡುತ್ತಿದ್ದ. ಹಾಸ್ಯ ಚಪ್ಪರಕ್ಕೂ ಕೇಳಿಸುತ್ತಿತ್ತು. ಅಜ್ಜನವರು ಚೀಲ ಹೊಲಿಯುವ ಹೆಂಗಸರಿಗಿಂತ ಮೊದಲೇ ನಕ್ಕುಬಿಡುತ್ತಿದ್ದರು.

ಆ ವರ್ಷ ದರ ಯಾರ ಹಿಡಿತಕ್ಕೂ ಸಿಗಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ನಾನೂರು ಇದ್ದದ್ದು ಮುನ್ನೂರೈವತ್ತಾಯಿತು, ಮತ್ತೆ ಏರಿತು, ಮತ್ತೆ ಮುನ್ನೂರಕ್ಕೆ ಕುಸಿಯಿತು. ದಿನವೂ ಬೆಳಿಗ್ಗೆ ಪೇಟೆಯ ಬಾಗಿಲಲ್ಲಿ ಕರಿಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ದರ ಬರೆಯುತ್ತಿದ್ದರು. ಓದು ಬಾರದವರೂ ಅದರ ಮುಂದೆ ಹೋಗಿ ನಿಲ್ಲುತ್ತಿದ್ದರು. “ಏರತೈತೇನ್ರಿ ಸಾವ್ಕಾರ್ರ? ಕೊಡೋಣೋ, ತಡಿಯೋಣೋ?” ಎಂದು ಎಲ್ಲರೂ ಈರಸಂಗಪ್ಪನನ್ನು ಕೇಳುವವರೇ. ಅವನಿಗೆ ತಿಳಿಯದು. ಆದರೆ ತಿಳಿಯದೆಂದು ಹೇಳಿ ಅವನಿಗೆ ಅಭ್ಯಾಸವೇ ಇರಲಿಲ್ಲ. ಊಟ ಸೇರದಾಯಿತು. ಕನಸಿನಲ್ಲಿಯೂ ಯಾರೋ ಅವನ ಬೆರಳು ಹಿಡಿದು ಎಳೆಯುತ್ತಿದ್ದರಂತೆ.

ಒಂದು ಬೆಳಿಗ್ಗೆ, ಪೇಟೆ ಇನ್ನೂ ತುಂಬುವ ಮೊದಲು, ಅತ್ತ ಇತ್ತ ನೋಡಿಕೊಂಡು ಅವನು ಚೀಲದ ಚಪ್ಪರಕ್ಕೆ ಬಂದ.

“ಅಜ್ಜಾರ, ನಾ ನಂಬುವವ ಅಲ್ಲ. ಆದ್ರೂ ಕೇಳ್ತೇನಿ. ಈ ಸಲ ದರ ಎಲ್ಲಿಗೆ ಹೋಗಿ ನಿಲ್ತೈತಿ?”

ಅಜ್ಜನವರು ದಬ್ಬಣವನ್ನು ಪಕ್ಕಕ್ಕಿಟ್ಟರು. ಎಲ್ಲರಿಗೂ ಮಾಡುವಂತೆ ಅವನ ಬಲಗೈಯನ್ನು ಹಿಡಿದುಕೊಂಡರು. ಜೀವಮಾನವೆಲ್ಲ ಅದೇ ಉದ್ಯೋಗ ಮಾಡಿದ ಈರಸಂಗಪ್ಪನ ಎಡಗೈ ತನ್ನಷ್ಟಕ್ಕೆ ತಾನೇ ಹೆಗಲ ಮೇಲಿನ ಟವೆಲನ್ನು ಎಳೆದು ಇಬ್ಬರ ಕೈಗಳ ಮೇಲೆ ಹೊದಿಸಿತು. ಟವೆಲಿನ ಅಡಿಯಲ್ಲಿ ಅವನಿಗೆ ತಿಳಿದದ್ದು ಇಷ್ಟೇ: ಅಜ್ಜನವರು ಇಡೀ ಕೈ ಹಿಡಿದಿದ್ದಾರೆ. ಗಟ್ಟಿಯಾಗಿ ಹಿಡಿದಿದ್ದಾರೆ.

ಐನೂರು!

ಅವನು ಮುಂದೇನೂ ಕೇಳಲಿಲ್ಲ. ಅಜ್ಜನವರು ಬಾಯಿ ತೆರೆಯುವುದರೊಳಗೆ ಎದ್ದು ನಡೆದುಬಿಟ್ಟಿದ್ದ.

ಮಧ್ಯಾಹ್ನದ ಹೊತ್ತಿಗೆ ಪೇಟೆಯಲ್ಲೆಲ್ಲ ಒಂದೇ ಮಾತು. ಅಜ್ಜಾರು ಐನೂರು ಹಿಡಿದಾರ. ನಂಬದ ಈರಸಂಗಪ್ಪನೇ ಹೇಳಿದಮೇಲೆ ಇನ್ನು ಅನುಮಾನವೇನು? ಮುನ್ನೂರಕ್ಕೆ ಮಾತು ಮುಗಿಸಿದವರು ಮಾತು ಮುರಿದರು. ಈರಸಂಗಪ್ಪ ತಾನೂ ಸುಮ್ಮನಿರಲಿಲ್ಲ. ಇನ್ನೂ ಸುದ್ದಿ ಮುಟ್ಟದ ದೂರದ ಹಳ್ಳಿಗಳಿಗೆ ಬಂಡಿ ಕಟ್ಟಿಸಿ, ಕೈಯಲ್ಲಿದ್ದ ದುಡ್ಡನ್ನೆಲ್ಲ ಸುರಿದು, ಮೆಣಸಿನಕಾಯಿ ಕೊಂಡು ತಂದು ತನ್ನ ಗೋದಾಮನ್ನು ಬಾಗಿಲವರೆಗೆ ತುಂಬಿದ.

ನಮ್ಮ ಓಣಿಯ ಫಕೀರವ್ವ ಅಂದು ಪೇಟೆಯಲ್ಲಿದ್ದಳು. ಈ ಪ್ರಸಂಗವನ್ನು ನಾನು ಚಿಕ್ಕವಳಿದ್ದಾಗ ಕೇಳಿದ್ದು ಅವಳ ಬಾಯಿಂದಲೇ. ಗಂಡ ತೀರಿಕೊಂಡ ಮೇಲೆ ತಾನೇ ಹೊಲ ಮಾಡುತ್ತಿದ್ದ ಹೆಣ್ಣುಮಗಳು. ಮೆಣಸಿನಕಾಯಿ ಮಾರಿದರೆ ಮನೆಗೆ ವರ್ಷದ ಜೋಳ, ಬೇರೆ ಆಧಾರವಿಲ್ಲ. ಅವಳ ಮಾಲಿಗೆ ಖರೀದಿದಾರನೊಬ್ಬ ಮುನ್ನೂರು ಎಂದಿದ್ದ, ಅವಳು ಒಪ್ಪಿಯೂ ಇದ್ದಳು.

“ತಡಿ ಯವ್ವಾ, ಯಾಕ ಅವಸರಾ?” ಎಂದು ಈರಸಂಗಪ್ಪ ಅವಳನ್ನು ತಡೆದ. “ಕೂತು ತಿನ್ನೂವಷ್ಟು ಬರತೈತಿ ಈ ಸಲ.”

“ಕೂತು ತಿನ್ನೂದು ನನಗ್ಯಾಕ್ರಿ ಅಣ್ಣಾರ? ನಿಂತ ತಿಂದರೂ ನಡೀತೈತಿ, ಜೋಳ ಬಂದರ ಸಾಕು” ಎಂದಳಂತೆ. ಆದರೂ ಅವನ ಮಾತಿಗೆ ಮಾರದೆ ತಡೆದಳು.

ದರ ಏರಲಿಲ್ಲ. ಮುನ್ನೂರರಿಂದ ಇನ್ನೂರೆಂಬತ್ತಕ್ಕೆ ಇಳಿಯಿತು. ಮಾರುವವರಿಲ್ಲದೆ ಮಾಲಿನ ರಾಶಿ ಬೆಳೆಯುತ್ತ ಹೋಯಿತು. ಗೋದಾಮುಗಳು ತುಂಬಿ, ಕಟ್ಟೆಗಳು ತುಂಬಿ, ಚೀಲಗಳು ಬಯಲಿನಲ್ಲಿಯೇ ಮನೆಯೆತ್ತರ ಏರಿದವು. ಖರೀದಿದಾರರಿಗೆ ಅವಸರವಿಲ್ಲ. ಬೇವಿನ ಮರದ ಕೆಳಗೆ ಇಸ್ಪೀಟು ಹಾಕಿಕೊಂಡು, “ಐನೂರು ಕೊಡಾಕ ಅಜ್ಜಾರನ್ನ ಕರೀರಿ, ಅವರೇ ಖರೀದಿ ಮಾಡಲಿ” ಎಂದು ನಗುತ್ತಿದ್ದರು.

ಆಮೇಲೆ ಮೂಡಣದಲ್ಲಿ ಮೋಡ ಕಾಣಿಸಿತು. ಆ ಕಾಲದಲ್ಲಿ ಬರಬಾರದ ಮೋಡ. ಮೊದಲ ದಿನ ಬೂದಿ ಎರಚಿದಂತೆ ತೆಳ್ಳಗಿತ್ತು. ಮರುದಿನ ಬಿಸಿಲೇ ಬೀಳಲಿಲ್ಲ, ಗಾಳಿಯಲ್ಲಿ ತೇವ. ಜನ ಕರಿಹಲಗೆಯನ್ನು ಬಿಟ್ಟು ಆಕಾಶವನ್ನು ನೋಡತೊಡಗಿದರು. ಮೆಣಸಿನಕಾಯಿಗೆ ಒಂದು ಮಳೆ ಬಿದ್ದರೆ ಬಣ್ಣ ಹೋಗುತ್ತದೆ, ಒಳಗಿನ ಬೀಜ ಕಪ್ಪಾಗಿ ಬೂಜು ಹಿಡಿಯುತ್ತದೆ. ಆಮೇಲೆ ಅದಕ್ಕೆ ದರವೆಂಬುದೇ ಇಲ್ಲ.

ಮೂರು ಕಡೆಯಿಂದ ಮೋಡ ಕೂಡಿದ ದಿನ ಫಕೀರವ್ವ ತನ್ನ ಚೀಲದಿಂದ ಒಂದು ಕಾಯಿ ಹಿರಿದುಕೊಂಡು ಈರಸಂಗಪ್ಪನ ಗಾದಿಯವರೆಗೂ ಬಂದಳು. ಅವನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

“ಸಪ್ಪಳ ಕೇಳ್ರಿ ಅಣ್ಣಾರ. ತಂದಾಗ ಒಳಗ ಬೀಜ ಗಲಗಲ ಅಂತಿದ್ವು. ಈಗ ಕೇಳ್ರಿ.”

ಸಪ್ಪಳವಿರಲಿಲ್ಲ. ತೇವ ಆಗಲೇ ಒಳಹೊಕ್ಕಿತ್ತು. ಅವಳು ಬೈಯಲಿಲ್ಲ, ಅಳಲಿಲ್ಲ. ಅವನ ಬಾಯಿಯಿಂದ ಏನು ಬರುವುದೋ ಎಂದು ನೋಡುತ್ತ ನಿಂತಳು. ಆ ನೋಟವನ್ನು ತಡೆಯಲಾರದೆ ಅವನು ಎದ್ದ. ಅಂಗಡಿಯಿಂದ ಚಪ್ಪರದವರೆಗೂ ಚಪ್ಪಲಿಯಿಲ್ಲದೆ ನಡೆದ.

“ಅಜ್ಜಾರ!” ಅವನ ದನಿಗೆ ಹೊಲಿಯುವ ಹೆಂಗಸರು ಬೆಚ್ಚಿದರು. “ಐನೂರು ಹಿಡಿದ್ರಿ ನೀವು! ನಿಮ್ಮ ಕೈ ನಂಬಿ ಇಡೀ ಪೇಟಿ ತಡದು ಕೂಡಿಸೇನಿ. ಎಲ್ಲೈತಿ ಐನೂರು? ಯಾಕ ಹಿಡಿದ್ರಿ ಹಂಗ?”

ಅಜ್ಜನವರು ತಲೆಯೆತ್ತಿ ಅವನನ್ನು ನೋಡಿದರು. ಅವರ ಕಣ್ಣುಗಳಲ್ಲಿ ಆಶ್ಚರ್ಯವಿತ್ತು, ಕೋಪವಿರಲಿಲ್ಲ.

“ನಿನ್ನ ಕೈ ನಡಗತಿತ್ತು ತಮ್ಮಾ” ಎಂದರು. “ಅದಕ್ಕ ಹಿಡದೆ.”

ಅದೆಷ್ಟೋ ಕೈಗಳ ನಡುಕವನ್ನು ತಿಳಿದು ಅದರ ಮೇಲೆ ದರ ಕಟ್ಟಿದ ಈರಸಂಗಪ್ಪನಿಗೆ, ತನ್ನ ಕೈಯೂ ನಡುಗುತ್ತಿತ್ತೆಂಬುದು ಆಗಲೇ ಗೊತ್ತಾದದ್ದು. ಅವನು ಸುತಳಿಯ ತುಂಡುಗಳ ನಡುವೆ ಕುಸಿದು ಕುಳಿತ.

“ಇನ್ನ ನಾ ಏನ ಮಾಡ್ಲಿರಿ?”

“ಇದನ್ನ ಅಲ್ಲಿ ಮಂದಿ ಮುಂದ ಹೋಗಿ ಹೇಳು.”

“ಯಾವ ಮುಖ ಹೊತಗೊಂಡು ಹೋಗ್ಲಿ?”

“ಮುಖಾ ಬ್ಯಾಡ” ಎಂದರು ಅಜ್ಜನವರು, “ಬಾಯಿ ಸಾಕು.” ದಬ್ಬಣವನ್ನು ಚೀಲಕ್ಕೆ ಚುಚ್ಚಿಟ್ಟು, ನೆಲಕ್ಕೆ ಕೈಯೂರಿ ಎದ್ದು, ತಾವೇ ಮುಂದೆ ನಡೆದರು.

ಈರಸಂಗಪ್ಪ ತೂಕದ ಕಟ್ಟೆಯ ಮೇಲೆ ಹತ್ತಿ ನಿಂತ. ಕೆಳಗೆ ಅವನ ಹಳ್ಳಿಗಳ ಜನ, ಮೇಲೆ ಕಪ್ಪು ಮೋಡ. ಅಜ್ಜನವರು ಕಟ್ಟೆಯ ಬುಡದಲ್ಲಿ ಒಂದು ಚೀಲಕ್ಕೆ ಒರಗಿ ನಿಂತಿದ್ದರು.

“ಅಜ್ಜಾರು ದರ ಹೇಳಿಲ್ಲ” ಎಂದ ಅವನು. “ಅಂಜಿಕಿಗೆ ನನ್ನ ಕೈ ನಡಗತಿತ್ತಂತ, ಹಿಡಕೊಂಡ್ರು. ಐನೂರು ಅಂದಾವ ನಾನು. ತಪ್ಪು ನಂದು. ದರ ಏರತೈತೋ ಇಳಿತೈತೋ, ದೇವರಾಣೆ, ನನಗ ಗೊತ್ತಿಲ್ಲ.”

ಆಗ ಎದ್ದ ಗದ್ದಲವನ್ನು ಹೇಳತೀರದು. ಬೈದವರೆಷ್ಟೋ, ಮಣ್ಣು ತೂರಿದವರೆಷ್ಟೋ. “ಗೊತ್ತಿಲ್ಲದವ ಗಾದಿ ಮ್ಯಾಲ ಯಾಕ ಕುಂತಿದ್ದ್ಯೋ?” ಎಂದು ಒಬ್ಬ ಮುದುಕ ಕೋಲೆತ್ತಿಕೊಂಡು ಬಂದ. ಹಮಾಲಿ ಮಕ್ತುಮಸಾಬ ಅವನನ್ನು ಹಿಡಿದುಕೊಂಡ. ಮರದ ಕೆಳಗಿದ್ದ ಖರೀದಿದಾರರು ಇಸ್ಪೀಟು ಎಲೆಗಳನ್ನು ಮಡಚಿ, “ಈಗ ಇನ್ನೂರು, ಮಳಿ ಬಿದ್ದಮ್ಯಾಲ ಪುಕ್ಕಟೆ” ಎಂದು ಕೂಗಿದರು.

ಫಕೀರವ್ವನ ದನಿ ಎಲ್ಲಕ್ಕಿಂತ ಮೇಲೆ ಕೇಳಿಸಿತು. “ಬಯ್ಯೂದು ನಾಳೆ ಬಯ್ಯೂಣ್ರೆಪಾ! ಮಳಿ ಇವತ್ತ ಬರಾಕತ್ತೈತಿ. ಮಾಲು ಎಲ್ಲಿ ಇಡೂದು, ಅದನ್ನ ಹೇಳ್ರಿ ಮೊದಲ!”

ಇಡಲು ಜಾಗವೇ ಇರಲಿಲ್ಲ. ಇದ್ದ ಒಂದು ದೊಡ್ಡ ಗೋದಾಮು ಈರಸಂಗಪ್ಪನದು. ಅದರಲ್ಲಿ ಬಾಗಿಲವರೆಗೂ ಅವನದೇ ಮಾಲು. ಅವನು ಅಜ್ಜನವರ ಕಡೆ ನೋಡಿದ. ಅವರು ಏನೂ ಹೇಳಲಿಲ್ಲ, ಕಣ್ಣಿನಿಂದಲೂ ಹೇಳಲಿಲ್ಲ. ಅವನು ಕಟ್ಟೆಯಿಂದಿಳಿದ. ಉಡಿಯಿಂದ ಕೀಲಿಕೈ ತೆಗೆದು ಮಕ್ತುಮಸಾಬನ ಕಡೆ ಎಸೆದ.

“ಒಳಗಿಂದು ಹೊರಗ ಹಾಕ್ರಿ. ಇವರದು ಒಳಗ ಹಾಕ್ರಿ.”

“ಹೊರಗಂದ್ರ ಎಲ್ಲಿ ಸಾವ್ಕಾರ್ರ? ಮಳ್ಯಾಗ?”

“ಮಳ್ಯಾಗ.”

ಮಕ್ತುಮಸಾಬ ಅವನ ಮುಖವನ್ನು ಒಮ್ಮೆ ನೋಡಿ ಓಡಿದ. ಆ ಹೊತ್ತಿನಲ್ಲಿ ಹಮಾಲಿ ಯಾರು, ಸಾಹುಕಾರ ಯಾರು ಎಂಬುದು ಉಳಿಯಲಿಲ್ಲ. ಈರಸಂಗಪ್ಪ ಜೀವಮಾನದಲ್ಲಿ ಮೊದಲ ಸಲ ಬೆನ್ನ ಮೇಲೆ ಚೀಲ ಹೊತ್ತ. ಕೋಲೆತ್ತಿದ್ದ ಮುದುಕ ಅದೇ ಕೋಲನ್ನು ಬದಿಗೆಸೆದು ಚೀಲದ ಕಿವಿ ಹಿಡಿದ. ಅಜ್ಜನವರಿಗೆ ಹೊರಲು ತ್ರಾಣವಿರಲಿಲ್ಲ. ಆದರೂ ಎರಡೂ ಕೈಯಿಂದ ಒಂದು ಚೀಲವನ್ನು ಗೇಣು ಗೇಣು ಎಳೆದುಕೊಂಡು ಗೋದಾಮಿನ ಹೊಸ್ತಿಲಿಗೆ ತಂದರು. ಅದನ್ನು ಕಂಡ ಮೇಲೆ ಕೈಕಟ್ಟಿ ನಿಂತವರು ಯಾರೂ ಉಳಿಯಲಿಲ್ಲ. ಖರೀದಿದಾರರಲ್ಲಿ ಇಬ್ಬರು ಧೋತರ ಮೇಲೆ ಕಟ್ಟಿ ಬಂದು ಸೇರಿದರು.

ಮಳೆ ಬಂತು. ಮೊದಲು ಮಣ್ಣಿನ ವಾಸನೆ, ಹಿಂದೆಯೇ ಕಲ್ಲೆಸೆದಂತಹ ಹನಿಗಳು. ಬಯಲಿನಲ್ಲಿ ಉಳಿದಿದ್ದ ಚೀಲಗಳಿಂದ ಕೆಂಪು ನೀರು ಹರಿದು ಹೋಗತೊಡಗಿತು. ಅವೆಲ್ಲ ಈರಸಂಗಪ್ಪನವು. ರೈತರ ಮಾಲಿನಲ್ಲಿ ಸ್ವಲ್ಪ ನೆನೆಯಿತು, ಬಹುಪಾಲು ಉಳಿಯಿತು. ಗೋದಾಮಿನ ಬಾಗಿಲಲ್ಲಿ ನಿಂತು ಅವನು ಆ ಕೆಂಪು ನೀರನ್ನೇ ನೋಡುತ್ತಿದ್ದ. ಪಕ್ಕದಲ್ಲಿ ಬಂದು ನಿಂತ ಅಜ್ಜನವರು ಮತ್ತೆ ಅವನ ಕೈ ಹಿಡಿದರು. ಈ ಸಲ ಅವನು ಟವೆಲು ಹೊದಿಸಲಿಲ್ಲ. ಆ ಕೈ ಆಗ ನಡುಗುತ್ತಿರಲಿಲ್ಲವೆಂದು ಫಕೀರವ್ವ ಹೇಳುತ್ತಿದ್ದಳು. ತಾನು ಕಣ್ಣಾರೆ ಕಂಡೆ ಎನ್ನುತ್ತಿದ್ದಳು.

ಮಳೆ ನಿಂತು ಬಿಸಿಲು ಬಿದ್ದ ಮೇಲೆ ಪೇಟೆ ಮತ್ತೆ ತೆರೆಯಿತು. ದರ ಐನೂರಕ್ಕೆ ಹೋಗಲಿಲ್ಲ. ಅಜ್ಜನವರು ಪವಾಡ ಮಾಡಿ ಏರಿಸಿದರೆಂದು ಬರೆದರೆ ಅದು ಅವರಿಗೇ ಅಪಚಾರ. ಇನ್ನೂರೆಂಬತ್ತರ ಆಸುಪಾಸಿನಲ್ಲಿ ಎಲ್ಲರ ಮಾಲೂ ಹೋಯಿತು. ಫಕೀರವ್ವನ ಮನೆಗೆ ವರ್ಷಕ್ಕೆ ಸಾಲುವ ಜೋಳ ಬಂತು. ಕಡೆಯ ತಿಂಗಳು ಮಾತ್ರ ರೊಟ್ಟಿ ತುಸು ತೆಳ್ಳಗೆ ಬಡಿಯಬೇಕಾಯಿತಂತೆ.

ಆ ವರ್ಷ ಎಲ್ಲವನ್ನೂ ಕಳೆದುಕೊಂಡ ಈರಸಂಗಪ್ಪನ ಅಂಗಡಿ ಮುಚ್ಚುತ್ತದೆಂದು ಪೇಟೆಯೆಲ್ಲ ಎಣಿಸಿತ್ತು. ಅದು ಮುಚ್ಚಲಿಲ್ಲ. ಮುಂದಿನ ಸುಗ್ಗಿಗೆ ಅವನ ಕಟ್ಟೆಯ ಮುಂದೆ ಹಿಂದೆಂದೂ ಇಲ್ಲದಷ್ಟು ಬಂಡಿಗಳು ನಿಂತವು. ದೂರದಿಂದ ಬಂದ ರೈತ ಬಂಡಿಯಿಂದ ಇಳಿಯುತ್ತಲೇ ಕಳವಳದಿಂದ, “ದರ ಏರತೈತೇನ್ರಿ ಸಾವ್ಕಾರ್ರ?” ಎಂದು ಕೇಳಿದರೆ, ಅವನು ಗಾದಿಯಿಂದ ಕೆಳಗಿಳಿದು ಬಂದು ಅವನೆದುರಿಗೆ ಕೂಡುತ್ತಿದ್ದ.

“ಗೊತ್ತಿಲ್ಲೋ ತಮ್ಮಾ” ಎನ್ನುತ್ತಿದ್ದ. “ಬಾ, ಕೂಡು. ಮೊದಲ ನೀರು ಕುಡಿ.”