ಮರಿಯಪ್ಪ ಯಾರು?

ಇದನ್ನು ನನಗೆ ಮೊದಲು ಹೇಳಿದ್ದು ನನ್ನ ಓರಗಿತ್ತಿ ಸುಶೀಲಕ್ಕ. ಮಾನಸಿಕ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು.

ಅಲ್ಲೊಬ್ಬ ಸಿಸ್ಟರ್ ಮಾತ್ರೆ ಕೊಡುವ ಮುಂಚೆ ಪ್ರತಿಯೊಬ್ಬರಿಗೂ ಹೆಸರು, ಅಪ್ಪನ ಹೆಸರು ಕೇಳಿ ಚೀಟಿ ನೋಡುತ್ತಿದ್ದಳು. ತಪಾಸಣೆಗೆ ಬಂದ ಅಧಿಕಾರಿ ಮರಿಯಪ್ಪನವರು ಸಿಡುಕಿದರು.

“ಏನಮ್ಮಾ, ಹೆಣ್ಣು ನೋಡೋಕೆ ಬಂದಿದ್ದೀಯಾ, ಕುಲಗೋತ್ರ ಕೇಳೋಕೆ? ಹೆಸರು ಕೂಗು, ‘ನಾನೇ’ ಅಂದವರಿಗೆ ಕೊಡು. ಇಲ್ಲಾಂದ್ರೆ ನಾಳೆನೇ ವರ್ಗಾವಣೆ!”

ಸಿಸ್ಟರ್ ಚೀಟಿ ನೋಡಿದಳು. ಮುಂದಿನ ಲಿಥಿಯಂ ಮಾತ್ರೆ ಮರಿಯಪ್ಪ ಎಂಬ ರೋಗಿಯದು. ಆದರೆ ಸಾಲಿನ ಮುಂದೆ ನಿಂತಿದ್ದವನು ಸಿದ್ಧಣ್ಣ. ಯಾರ ಹೆಸರು ಕೂಗಿದರೂ “ನಾನೇ” ಎಂದು ಬಾಯಿ ತೆರೆಯುವವನು. ಅವನ ಕಿಡ್ನಿ ಕೆಟ್ಟಿತ್ತು, ಆ ಮಾತ್ರೆ ಹೊಟ್ಟೆಗೆ ಹೋದರೆ ಜೀವಕ್ಕೇ ಅಪಾಯ.

ಅವಳು ಮೆಲ್ಲಗೆ ಅಧಿಕಾರಿಯ ಹತ್ತಿರ ಹೋದಳು. “ಮರಿಯಪ್ಪ ಅಂದ್ರೆ ಯಾರು ಸಾರ್?”

“ನಾನೇ! ಯಾಕೆ?”

ಮಾತ್ರೆ, ನೀರಿನ ಲೋಟ ಮುಂದೆ ಚಾಚಿದಳು. “ನುಂಗಿ ಸಾರ್. ಆಮೇಲೆ ನಾಲಗೆ ಎತ್ತಿ ತೋರಿಸಬೇಕು.”

“ಅಯ್ಯೋ, ಆ ಮರಿಯಪ್ಪ ನಾನಲ್ಲಮ್ಮಾ!”

“ಕೇಳದೆ ನನಗೆ ಹೇಗೆ ಗೊತ್ತಾಗ್ಬೇಕು ಸಾರ್?”

ಸಾಹೇಬರು ಬೆವರು ಒರೆಸಿಕೊಂಡರು. “ಕೇಳಮ್ಮಾ ತಾಯಿ, ಅಪ್ಪನದು ಸಾಲದಿದ್ರೆ ಅಜ್ಜನ ಹೆಸರೂ ಕೇಳು!”

ನಿಮ್ಮ ಮನೆಯಲ್ಲೂ ಯಾರಾದರೂ ಮಾತ್ರೆ ಕೊಡುವ ಕೆಲಸದಲ್ಲಿದ್ದರೆ, ಇದನ್ನು ಇವತ್ತೇ ಅವರ ಕಿವಿಗೆ ಹಾಕಿಬಿಡಿ.