ಟಿಟ್ಟಿಭದ ನಾಲ್ಕು ಮೊಟ್ಟೆ

"ಗುರುಗಳೇ, ನಮ್ಮ ಕಲ್ಲುಕ್ವಾರಿಯ ಹೆಂಗಸರು ಕೂಸುಗಳನ್ನು ಬಿಸಿಲಲ್ಲಿ ಮಲಗಿಸಿ ಕಲ್ಲು ಒಡೆಯುತ್ತಾರೆ. ಕೂಸು ಅತ್ತರೂ ಎದ್ದು ಹೋಗುವುದಿಲ್ಲ. ಬಡವರಿಗೆ ಮಕ್ಕಳ ಮೇಲೆ ಮಮತೆ ಕಡಿಮೆಯೇ?" ಎಂದು ಶಿಷ್ಯ ಕೇಳಿದ. ಆ ಕ್ವಾರಿ ಅವನ ತಂದೆಯದು.

ಗುರುಗಳು ಹೇಳಿದರು:

ಒಬ್ಬ ರೈತ ಬೇಸಿಗೆಯಲ್ಲಿ ಹೊಲ ಉಳುತ್ತಿದ್ದ. ಕಲ್ಲುಹರಳುಗಳ ನಡುವೆ, ಬರಿ ನೆಲದ ಮೇಲೆ, ಟಿಟ್ಟಿಭ ಹಕ್ಕಿ ನಾಲ್ಕು ಮೊಟ್ಟೆ ಇಟ್ಟಿತ್ತು. ಹುಲ್ಲಿಲ್ಲ, ಕಡ್ಡಿಯಿಲ್ಲ. ಅದರ ಗೂಡೇ ಅಷ್ಟು. ರೈತ ಚಾಪೆಯಗಲ ನೆಲ ಬಿಟ್ಟು ಎತ್ತುಗಳನ್ನು ಸುತ್ತು ಹಾಕಿಸಿದ. "ಬಾಣಂತಿ ಮನೆ ಇದು, ಮೆಲ್ಲಗೆ ಹೋಗ್ರಪ್ಪ" ಎಂದು ಅವಕ್ಕೂ ಹೇಳಿದ.

ಹಕ್ಕಿಗಳ ವಿಷಯ ಬರೆಯುವ ಒಬ್ಬ ಪಂಡಿತ ಅಲ್ಲಿಗೆ ಬಂದ. ಮೊಟ್ಟೆಗಳಿಂದ ನಾಲ್ಕು ಮಾರು ದೂರದಲ್ಲಿ ಕೊಡೆ ಬಿಚ್ಚಿ ಕೂತ. ಹಕ್ಕಿ ಎದ್ದು ಅವನ ತಲೆಯ ಮೇಲೆ ಕೂಗುತ್ತಾ ಸುತ್ತಿತು. ಬಿಸಿಲೇರಿತು. ನೆಲ ಕಾದಿತು. ಮಧ್ಯಾಹ್ನ ಪಂಡಿತ ಪುಸ್ತಕ ತೆಗೆದು ಬರೆದ: 'ಈ ಹಕ್ಕಿಗೆ ಮೊಟ್ಟೆಗಳ ಮೇಲೆ ಮಮತೆಯಿಲ್ಲ. ಬೆಳಗಿನಿಂದ ಒಂದು ಸಲವೂ ಕೂರಲಿಲ್ಲ.' ಬರೆದದ್ದನ್ನು ರೈತನಿಗೂ ಓದಿ ಹೇಳಿದ.

ರೈತ ನೇಗಿಲು ನಿಲ್ಲಿಸಿದ.

"ಸ್ವಾಮಿ, ಅದು ಬೆಳಗಿನಿಂದ ಬೈತಾ ಇದೆಯಲ್ಲ, ಅದನ್ನ ಯಾಕೆ ಬರೀಲಿಲ್ಲ?"

"ಯಾರನ್ನು ಬೈಯುತ್ತಿದೆ?"

"ನನ್ನನ್ನಂತೂ ಅಲ್ಲ. ಅದರ ಬಾಗಿಲಿಗೆ ಅಡ್ಡ ಕೂತು, ಒಳಗೆ ಯಾಕೆ ಬರಲ್ಲ ಅಂತ ಕೇಳ್ತೀರಲ್ಲ! ಮೊಟ್ಟೆ ಬೇಯ್ತಾ ಇದಾವೆ. ಮೊದಲು ಏಳಿ."

ಪಂಡಿತ ಎದ್ದ. ಇಬ್ಬರೂ ದೂರದ ಹೊಂಗೆ ಮರದ ಕೆಳಗೆ ಹೋಗಿ ನಿಂತರು. ಹಕ್ಕಿ ಕಾಲುವೆಗೆ ಹಾರಿ ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡಿತು. ಓಡಿ ಬಂದು ಮೊಟ್ಟೆಗಳ ಮೇಲೆ ಕೂತು ಅವನ್ನು ತಂಪು ಮಾಡಿತು. ಗರಿ ಒಣಗಿದಾಗ ಮತ್ತೆ ಕಾಲುವೆಗೆ ಹೋಯಿತು. ಬಿಸಿಲು ಇಳಿಯುವ ತನಕ ಹೀಗೆ ಹೋಗಿ ಬರುತ್ತಲೇ ಇತ್ತು. ತಾನು ಮಾತ್ರ ಕೊಕ್ಕು ತೆರೆದು ಏದುಸಿರು ಬಿಡುತ್ತಿತ್ತು.

ಕೆಲವು ದಿನಗಳಲ್ಲಿ ಮೂರು ಮರಿಗಳು ಹೊರಬಂದವು. ನಾಲ್ಕನೆಯ ಮೊಟ್ಟೆ ಒಡೆಯಲಿಲ್ಲ. ಪಂಡಿತ ತಾನು ಬರೆದಿದ್ದ ಸಾಲನ್ನು ಹೊಡೆದುಹಾಕಿದ. ಆದರೂ ಆ ಮೊಟ್ಟೆ ಒಡೆಯಲಿಲ್ಲ.

ಶಿಷ್ಯ ತಲೆದೂಗಿದ. "ಎಂಥ ಮೂರ್ಖ ಆ ಪಂಡಿತ!" ಎಂದ.

ಗುರುಗಳು ಕೇಳಿದರು: "ಕೂಸಿಗೆ ಹಾಲು ಕೊಟ್ಟು ಬರಲು ನಿಮ್ಮ ಕ್ವಾರಿಯಲ್ಲಿ ತಾಯಂದಿರನ್ನು ಯಾವ ಹೊತ್ತಿಗೆ ಬಿಡುತ್ತೀರಿ?"